ಎರಡನೆಯ ಕೀಲಿಕೈ

ನಾನು ಒಂದು ಹಿತ್ತಾಳೆಯ ಬೀಗ. ಹುಬ್ಬಳ್ಳಿಯವರು ನನ್ನನ್ನು ಕೀಲಿ ಎನ್ನುತ್ತಾರೆ. ಹುಟ್ಟಿದ್ದು ಅಲೀಗಢದ ಒಂದು ಇಕ್ಕಟ್ಟಾದ ಓಣಿಯಲ್ಲಿ. ನನ್ನನ್ನು ಜೋಡಿಸಿ ಮುಗಿಸಿದವನು ಮೊದಲು ಮಾಡಿದ ಕೆಲಸವೆಂದರೆ ಕೊಂಡಿ ಹಿಡಿದು ಜಗ್ಗಿದ್ದು. ತಾನೇ ಮಾಡಿದ ವಸ್ತುವನ್ನು ತಾನೇ ನಂಬಲಿಲ್ಲ. ತಿರುಗಿಸಿ ನೋಡಿ ಮತ್ತೊಮ್ಮೆ ಜಗ್ಗಿದ. ಆಮೇಲೆ ಎರಡು ಕೀಲಿಕೈಗಳನ್ನು ದಾರದಲ್ಲಿ ಪೋಣಿಸಿ ನನ್ನ ಕೊರಳಿಗೆ ಕಟ್ಟಿದ. ಕಣ್ಣು ಬಿಟ್ಟ ಗಳಿಗೆಯಲ್ಲೇ ಇಂಥದ್ದನ್ನು ಕಂಡ ನಾನು ಯಾರನ್ನಾದರೂ ಹೇಗೆ ನಂಬಲಿ? ಅನುಮಾನ ನನಗೆ ಯಾರೋ ಕಲಿಸಿದ ವಿದ್ಯೆಯಲ್ಲ, ಬಂದದ್ದೇ ಅದರ ಜೊತೆ.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಬಳೆ ವ್ಯಾಪಾರಿ ಈರಪ್ಪ ಬಳಿಗಾರರು. ಅವರ ಅಂಗಡಿಯ ಕಪಾಟಿಗೆ ನಾನು ಕಾವಲು. ಗಾಜಿನ ಬಳೆಯನ್ನು ಕದ್ದು ಯಾರು ಉದ್ಧಾರವಾಗುತ್ತಾರೆ ಎಂದು ನೀವು ಕೇಳಬಹುದು. ನಾನು ಮಾತ್ರ ಬಂದವರನ್ನೆಲ್ಲ ಕಳ್ಳರೆಂದೇ ಎಣಿಸಿದೆ. ಮೆಟ್ಟಿಲು ಹತ್ತುವ ಮೊದಲೇ ಚಪ್ಪಲಿ ಬಿಟ್ಟವರ ಮೇಲೆ ನನಗೆ ಇನ್ನೂ ಹೆಚ್ಚಿನ ಕಣ್ಣು. ಅಷ್ಟು ಮರ್ಯಾದೆ ಯಾಕೆ ಬೇಕಿತ್ತು?

ಆ ಅಂಗಡಿಯಲ್ಲಿ ಗಿರಾಕಿಗಳ ಕೈಗೆ ಬಳೆ ತೊಡಿಸುತ್ತಿದ್ದವಳು ಈರಪ್ಪನವರ ಮಗಳು ಶಿವಲೀಲಾ. ಎಲ್ಲರಿಗೂ ಲೀಲಾ. ಎಂಥ ಬಿರುಸು ಕೈಯಾದರೂ ಸರಿ, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ, ಮಾತಾಡಿಸುತ್ತಲೇ ಬಳೆ ಏರಿಸುತ್ತಿದ್ದಳು. ಊರಿನ ಮದುವೆಗಳಿಗೆಲ್ಲ ಬಳೆ ತೊಡಿಸಿದವಳಿಗೆ ತನ್ನ ಮದುವೆ ಕೂಡಿ ಬರಲಿಲ್ಲ. ಈರಪ್ಪನವರು ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಉಳಿದಳು.

ಅದೇ ಕಾಲದಲ್ಲಿ ನನ್ನ ಎರಡನೆಯ ಕೀಲಿಕೈ ಕಾಣೆಯಾಯಿತು. ಕಪಾಟಿನ ಕೆಳಗೆ ಹುಡುಕಿದರು, ಬಳೆಚೂರಿನ ಡಬ್ಬಿ ಸುರುವಿದರು, ಸಿಗಲಿಲ್ಲ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಲೆಕ್ಕ ಬರೆಯುವವನ ಮೇಲೆ ಅನುಮಾನಪಟ್ಟೆ. ಕಸ ಗುಡಿಸುವವಳ ಮೇಲೆ ಪಟ್ಟೆ. ಊರಿಂದ ಬಂದು ಎರಡು ದಿನ ಇದ್ದು ಹೋದ ಬೀಗರ ಮೇಲೂ ಪಟ್ಟೆ.

ಆಮೇಲೆ ಅಂಗಡಿಗೆ ಹೊಸ ಶಟರು ಬಂತು, ನಾನು ಮನೆ ಸೇರಿದೆ. ಈರಪ್ಪನವರ ಸೊಸೆ ಇಂದುಮತಿಬಾಯಿ ನನ್ನನ್ನು ತನ್ನ ಪ್ರವಾಸದ ಚೀಲಕ್ಕೆ ಹಾಕಿದರು. ಉಳಿದಿದ್ದ ಕೀಲಿಕೈ ಅವರ ಸೊಂಟದ ಗೊಂಚಲಿಗೆ ಸೇರಿತು. ನನಗೆ ತಕ್ಕ ಒಡತಿ ಸಿಕ್ಕಿದರು. ಹಾಲಿನವನು ಹಾಕಿದ ಹಾಲಿಗೆ ಬೆರಳು ಅದ್ದಿ ನೋಡದೆ ಪಾತ್ರೆ ಒಳಗೆ ಒಯ್ಯದ ಹೆಂಗಸು.

ಬಳೆ ಕಂಪನಿಯವರು ಒಂದು ವರ್ಷ ತಮ್ಮ ಡೀಲರುಗಳನ್ನೆಲ್ಲ ಮುಂಬೈಯಿಂದ ಹಡಗಿನಲ್ಲಿ ಸುತ್ತಾಡಿಸಿದರು. ಇಂದುಮತಿಬಾಯಿಯ ಗಂಡ ಹತ್ತಿದ ಸ್ವಲ್ಪ ಹೊತ್ತಿಗೇ ವಾಂತಿ ಶುರು ಮಾಡಿ, ಇಳಿಯುವವರೆಗೂ ಎದ್ದು ಕೂರಲಿಲ್ಲ. ಮತ್ತೆ ನೀರಿನ ಹೆಸರು ಎತ್ತಬೇಡ ಎಂದರು. ಹೆಂಡತಿಗೆ ಮಾತ್ರ ಹಡಗಿನ ಹುಚ್ಚು ಹಿಡಿಯಿತು. ಅಡುಗೆ ಮಾಡುವಂತಿಲ್ಲ, ಯಾರೂ ಮನೆಗೆ ಬರುವಂತಿಲ್ಲ, ಅಂಗಡಿಯವರು ಕರೆಯುವಂತಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಹಡಗು ಹತ್ತದಿದ್ದರೆ ಅವರಿಗೆ ಆಗದು. ಆದರೆ ಒಬ್ಬರೇ ಹೋದರೂ ಹಡಗಿನವರು ಕೋಣೆಗೆ ಇಬ್ಬರ ದುಡ್ಡು ಕೇಳುತ್ತಾರೆ. ಅದಕ್ಕೇ ನಾದಿನಿಯನ್ನು ಕರೆದುಕೊಂಡು ಹೊರಟರು.

"ಹೆಂಗೂ ಎರಡನೇ ಹಾಸಿಗಿ ಖಾಲಿ ಬೀಳತೈತಿ," ಎಂದು ಗಂಡನಿಗೆ ಹೇಳಿದರು. "ಲೀಲಾ ಬರಲಿ ಬಿಡ್ರಿ."

ಲೀಲಾ ಅಲ್ಲೇ ಕೂತು ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟುತ್ತಿದ್ದಳು.

ಹಡಗಿನ ವಿಷಯದಲ್ಲಿ ಇಂದುಮತಿಬಾಯಿಯ ಮಾತೆಂದರೆ ನಮ್ಮ ಬಳಗದಲ್ಲಿ ಕೊನೆಯ ಮಾತು. ಹೊಸ ಹಡಗು ಕೂಡದು. ಬಣ್ಣದ ವಾಸನೆ ಇರುತ್ತದೆ, ಕೆಲಸದವರಿಗೆ ಕೆಲಸ ಗೊತ್ತಿರುವುದಿಲ್ಲ. ಜಾರುಬಂಡಿ ಇರುವ ದೊಡ್ಡ ಹಡಗೂ ಕೂಡದು, ಅದು ಸಂತೆ. ಕೋಣೆ ಕೆಳಗಿನ ಅಂತಸ್ತಿನಲ್ಲಿ, ನಡುಮಧ್ಯೆ ಇರಬೇಕು, ಓಲಾಟ ಕಡಿಮೆ. ತಲೆಯ ಮೇಲೆ ಕುಣಿಯುವ ಜಾಗ ಇರಬಾರದು. ಕಿಟಕಿಯ ಕೋಣೆಗೆ ಮಾತ್ರ ದುಡ್ಡು ಸುರಿಯಬಾರದು. "ಹಗಲೆಲ್ಲ ನೀರು ನೋಡೂದು ಏನೈತಿ? ಮ್ಯಾಲ ಹೋದರ ಪುಕ್ಕಟ ಕಾಣತೈತಿ," ಎನ್ನುತ್ತಿದ್ದರು. ಹೀಗೆ ಅವರಿಬ್ಬರೂ ಯಾವಾಗಲೂ ಕಿಟಕಿಯಿಲ್ಲದ ಕೋಣೆಯಲ್ಲೇ ಇರುತ್ತಿದ್ದರು. ದೀಪ ಆರಿಸಿದರೆ ಅಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನನಗೆ ಹಿತವಾಗಿತ್ತು, ಲೀಲಾಳಿಗೆ ಹೇಗಿತ್ತೋ ಯಾರೂ ಕೇಳಲಿಲ್ಲ.

ಊಟದ ವಿಷಯ ಕೇಳಿದರೆ ನೀವು ನಗುತ್ತೀರಿ. ಸಸ್ಯಾಹಾರ ಎಂದು ಬರೆದಿಟ್ಟ ಪಾತ್ರೆಯಲ್ಲಿ ಯಾವ ಸೌಟು ಆಡಿದೆಯೋ ಎಂಬುದು ಅವರ ದೊಡ್ಡ ಅನುಮಾನ. ಜೈನರಿಗೆ ಬೇರೆಯೇ ಒಲೆಯಲ್ಲಿ ಮಾಡುತ್ತಾರೆ ಎಂದು ಯಾರೋ ಹೇಳಿದರು. ಮುಂದಿನ ಯಾತ್ರೆಯಿಂದ ವಿಭೂತಿ ಹಚ್ಚಿಕೊಂಡೇ ಜೈನರ ಮೇಜಿಗೆ ಹೋಗಿ ಕೂತರು. ಊಟವೇನೋ ಬಿಸಿಬಿಸಿ ಬಂತು, ಆದರೆ ಅದರಲ್ಲಿ ಉಳ್ಳಾಗಡ್ಡಿ ಇಲ್ಲ. ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಇಳಿಯುವುದುಂಟೇ? ಹಾಗಾಗಿ ನನ್ನ ಕಾವಲಿನ ಚೀಲದಲ್ಲಿ ಪಾಸ್‌ಪೋರ್ಟು, ನಾಲ್ಕು ಬಂಗಾರದ ಬಳೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇವುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಉಳ್ಳಾಗಡ್ಡಿಯೂ ಸೇರಿತು. ಮನೆಯ ತಿನಿಸು ಹಡಗಿಗೆ ತರಬಾರದೆಂದು ನಿಯಮ. ಪ್ರತಿ ಸಲ ತಪಾಸಣೆಯ ಯಂತ್ರದೊಳಗೆ ಹೋಗುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಆ ಚೀಲದಲ್ಲಿ ಇನ್ನೂ ಒಂದು ವಸ್ತು ಇರುತ್ತಿತ್ತು. ಹಡಗಿನಲ್ಲಿ ಪ್ರತಿಯೊಬ್ಬರಿಗೂ ಫೋಟೋ ಇರುವ ಒಂದು ಕಾರ್ಡು ಕೊಡುತ್ತಾರೆ. ಕೋಣೆಯ ಬಾಗಿಲು ತೆರೆಯಲು, ಬಂದರಿನಲ್ಲಿ ಇಳಿಯಲು, ಮತ್ತೆ ಹತ್ತಲು ಅದೇ ಬೇಕು. ಇಂದುಮತಿಬಾಯಿಯ ಕಾರ್ಡು ಅವರ ಕೊರಳಲ್ಲಿ ತೂಗುತ್ತಿತ್ತು. ಲೀಲಾಳದ್ದು ಹತ್ತಿದ ದಿನವೇ ಚೀಲಕ್ಕೆ. "ನೀ ಎಲ್ಲೆರೆ ಬೀಳಿಸ್ತಿ. ಇಬ್ಬರೂ ಕೂಡೇ ಅಡ್ಡಾಡತೀವಿ, ಎರಡು ಯಾಕ?" ಎನ್ನುತ್ತಿದ್ದರು. ನನ್ನನ್ನು ಹಾಕಿ, ಅಲೀಗಢದವನ ಹಾಗೆಯೇ ಜಗ್ಗಿ ನೋಡುತ್ತಿದ್ದರು.

ಊರು ಬಂದಾಗ ಇಳಿಯಬಾರದು ಎಂಬುದು ಅವರ ಎಲ್ಲಕ್ಕಿಂತ ಗಟ್ಟಿಯಾದ ಅಭಿಪ್ರಾಯ. ಮೂರು ದೇಶ ತೋರಿಸುತ್ತೇವೆ ಎಂದು ಜಾಹೀರಾತು ಹಾಕಿ ಅರ್ಧ ದಿನ ಬಿಸಿಲಿನಲ್ಲಿ ಓಡಾಡಿಸುತ್ತಾರೆ, ಟ್ಯಾಕ್ಸಿಯವರು ಸುಲಿಯುತ್ತಾರೆ. ಎಲ್ಲರೂ ಇಳಿದು ಹೋದಾಗ ಹಡಗು ಖಾಲಿ. ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂರಲು ಅದೇ ಸರಿಯಾದ ಹೊತ್ತು. ಹೀಗಾಗಿ ಕೊಲಂಬೋ ಬಂತು, ಹೋಯಿತು. ಫುಕೆಟ್ ಬಂತು, ಹೋಯಿತು. ಊರಿಗೆ ಮರಳಿದ ಮೇಲೆ ಓಣಿಯ ಹೆಂಗಸರು ಲೀಲಾಳನ್ನು, ಅಲ್ಲಿ ಹೆಂಗೈತಿ ಎಂದು ಕೇಳುತ್ತಿದ್ದರು. ಚಲೋ ಐತಿ ಎಂದು ಹೇಳಿ ಅವಳು ಒಳಗೆ ಹೋಗುತ್ತಿದ್ದಳು. ಅಷ್ಟು ದೇಶಗಳ ಪೈಕಿ ಒಂದರ ಮಣ್ಣನ್ನೂ ಅವಳು ಮೆಟ್ಟಿರಲಿಲ್ಲ. ನನಗೆ ಆಗ ಅದು ತಪ್ಪೆಂದು ಅನ್ನಿಸಲೇ ಇಲ್ಲ.

ನಾನು ಜೊತೆಗಿದ್ದ ಕೊನೆಯ ಸಲ ಸಿಂಗಪುರದಿಂದ ಹೊರಟೆವು. ಕೋಣೆ ನೋಡಿಕೊಳ್ಳಲು ವಯನ್ ಎಂಬ ಬಾಲಿ ದ್ವೀಪದ ನಡುವಯಸ್ಸಿನ ಮನುಷ್ಯ ಇದ್ದ. ಟವೆಲು ಮಡಚಿ ಆನೆ, ಮೊಲ ಮಾಡಿ ಹಾಸಿಗೆಯ ಮೇಲೆ ಕೂರಿಸುತ್ತಿದ್ದ. ಲೀಲಾ ಆ ಆನೆಯನ್ನು ಬಿಚ್ಚದೆ ಪಕ್ಕಕ್ಕಿಟ್ಟು ಮಲಗುತ್ತಿದ್ದಳು. ಇಂದುಮತಿಬಾಯಿಗೂ ನನಗೂ ಅವನ ಮೇಲೆ ಒಂದೇ ಅನುಮಾನ: ಆನೆ ಮಾಡುವ ನೆಪದಲ್ಲಿ ಇವನು ಕೋಣೆಯಲ್ಲಿ ಇಷ್ಟು ಹೊತ್ತು ಏನು ಹುಡುಕುತ್ತಾನೆ? ನನ್ನ ಹತ್ತಿರ ಬಂದಾಗಲೆಲ್ಲ ಅವನು ಮೂಗು ಅರಳಿಸುತ್ತಿದ್ದದ್ದನ್ನು ನಾನು ಗಮನಿಸಿದ್ದೆ.

ಪೆನಾಂಗ್ ಬಂತು. ಅಲ್ಲಿ ಹಡಗು ಊರಿನ ಮಗ್ಗುಲಿಗೇ ನಿಲ್ಲುತ್ತದೆ. ಲೀಲಾ ಬೆಳಿಗ್ಗೆಯೇ ಮೇಲೆ ಹೋಗಿ ನೋಡಿ ಬಂದಿದ್ದಳು.

"ವೈನಿ, ಊರು ಭಾಳ ಹತ್ರ ಐತಿ. ಒಂದೀಟು ಇಳದು ಬರೂಣೇನ್ರಿ?"

"ಏನೈತಿ ಅಲ್ಲಿ?" ಎಂದರು ಇಂದುಮತಿಬಾಯಿ. "ನಮ್ಮ ಹುಬ್ಬಳ್ಳಿ ಬಜಾರ ಇದ್ದಂಗ ಇರತೈತಿ. ನಡಿ, ನೀರಾಗ ಕಾಲು ಬಿಟ್ಟು ಕೂಡೂಣು."

ಲೀಲಾ ತಲೆನೋವು ಎಂದಳು. ಅತ್ತಿಗೆ ಒಬ್ಬರೇ ಮೇಲೆ ಹೋದರು.

ಆಮೇಲೆ ನಡೆದದ್ದನ್ನು ನಾನು ಇಂದಿಗೂ ಪೂರ್ತಿ ನಂಬಿಲ್ಲ. ಲೀಲಾ ತನ್ನ ಕುಂಕುಮದ ಡಬ್ಬಿ ತೆಗೆದಳು, ಕೆಂಪು ಪುಡಿಯೊಳಗೆ ಬೆರಳು ಹಾಕಿದಳು, ಒಂದು ಕೀಲಿಕೈ ಹೊರತೆಗೆದಳು. ನನ್ನದೇ. ಲೆಕ್ಕ ಬರೆಯುವವನಲ್ಲ, ಗುಡಿಸುವವಳಲ್ಲ, ಬೀಗರಲ್ಲ. ಇಷ್ಟು ವರ್ಷ ನಾನು ಅನುಮಾನಿಸದೆ ಉಳಿದಿದ್ದ ಒಬ್ಬಳೇ ಒಬ್ಬಳು. ಕೀಲಿಕೈ ಸೆರಗಿಗೆ ಒರೆಸಿ ನನ್ನೊಳಗೆ ತಿರುಗಿಸಿದಳು. ನಾನು ಕಚ್ಚಿ ಹಿಡಿಯಲು ನೋಡಿದೆ, ಆದರೆ ನನ್ನದೇ ಕೀಲಿಕೈಗೆ ನಾನು ಹೇಗೆ ಇಲ್ಲವೆನ್ನಲಿ? ಬಂಗಾರ ಮುಟ್ಟಲಿಲ್ಲ, ಪಾಸ್‌ಪೋರ್ಟು ಮುಟ್ಟಲಿಲ್ಲ. ತನ್ನ ಕಾರ್ಡು ತೆಗೆದುಕೊಂಡಳು. ಅವಸರಕ್ಕೋ ಏನೋ, ನನ್ನನ್ನು ಚೀಲಕ್ಕೆ ಮತ್ತೆ ಹಾಕುವ ಬದಲು ತನ್ನ ಪರ್ಸಿಗೆ ಹಾಕಿಕೊಂಡು ಹೊರಟುಬಿಟ್ಟಳು.

ಪರ್ಸಿನ ಬಾಯಿ ಅರ್ಧ ತೆರೆದಿತ್ತು. ಹೀಗಾಗಿ ಪರದೇಶವನ್ನು ನಾನೂ ನೋಡಿದೆ. ಸೈಕಲ್ ರಿಕ್ಷಾದವನು ಕರೆದ, ನಾನು ಅನುಮಾನಿಸಿದೆ. ಎಳನೀರಿನವನು ನಕ್ಕ, ಅನುಮಾನಿಸಿದೆ. ಲೀಲಾ ಮಾತ್ರ ಮೆಲ್ಲಗೆ ನಡೆಯುತ್ತ, ಪ್ರತಿ ಅಂಗಡಿಯ ಮುಂದೆ ನಿಲ್ಲುತ್ತ ಹೋದಳು. ನಮ್ಮವರೇ ತುಂಬಿದ್ದ ಒಂದು ಬೀದಿ ಬಂತು. ಹೂವು, ಊದಿನಕಡ್ಡಿ, ಸೀರೆ, ಆಮೇಲೆ ಒಂದು ಬಳೆ ಅಂಗಡಿ. ಅಲ್ಲಿ ಒಬ್ಬ ಗಿರಾಕಿಯ ಕೈಗೆ ಬಳೆ ಸಿಕ್ಕಿಕೊಂಡು, ತಮಿಳು ಮಾತಾಡುವ ಅಂಗಡಿಯಾಕೆ ಸಾಬೂನು ಹಚ್ಚಿ ಒದ್ದಾಡುತ್ತಿದ್ದಳು. ಲೀಲಾ ಯಾರನ್ನೂ ಕೇಳದೆ ಮುಂದೆ ಹೋಗಿ ಆ ಕೈ ಹಿಡಿದಳು. ಹೆಬ್ಬೆರಳಿನ ಬುಡ ಒತ್ತಿದಳು, ಕನ್ನಡದಲ್ಲೇ ಏನೋ ಮಾತಾಡಿಸಿದಳು, ಬಳೆ ಏರಿತು. ಅಂಗಡಿಯಾಕೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಟ್ಟಳು. ಹೊರಡುವಾಗ ನೇರಳೆ ಬಣ್ಣದ ಬಳೆ ತೆಗೆದು ಲೀಲಾಳ ಕೈಗೆ ತಾನೇ ತೊಡಿಸಿದಳು. ಲೀಲಾಳಿಗೆ ಬೇರೆಯವರು ಬಳೆ ತೊಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಕಣ್ಣು ಒರೆಸಿಕೊಂಡಳು. ಆ ಅಂಗಡಿಯಾಕೆಯ ಮೇಲೂ ನಾನು ಅನುಮಾನಪಡಲು ನೋಡಿದೆ, ಆಗಲಿಲ್ಲ.

ಹಡಗಿನಲ್ಲಿ ಆ ಹೊತ್ತಿಗೆ ಏನಾಯಿತೆಂದು ಇಂದುಮತಿಬಾಯಿಯೇ ಆಮೇಲೆ ಹೇಳಿದರು. ಅವರು ಕೋಣೆಗೆ ಬಂದರೆ ಲೀಲಾ ಇಲ್ಲ, ಚೀಲಕ್ಕೆ ಕೀಲಿ ಇಲ್ಲ. ಲೀಲಾ ಮೇಲೆ ಎಲ್ಲೋ ಕೂತಿರಬೇಕು, ಕಳ್ಳತನ ಮಾಡಿದವನು ವಯನ್ ಎಂದು ಕ್ಷಣದಲ್ಲೇ ತೀರ್ಮಾನಿಸಿ ಕೂಗೆಬ್ಬಿಸಿದರು. ಭದ್ರತೆಯ ಅಧಿಕಾರಿ ಗುರುಂಗ್ ಬಂದ. ವಯನ್ ತಲೆ ತಗ್ಗಿಸಿ ಗೋಡೆಗೆ ನಿಂತ. ಕಳ್ಳತನದ ಮಾತು ಬಂದರೆ ಇಂಥವರನ್ನು ಮುಂದಿನ ಬಂದರಿನಲ್ಲೇ ಇಳಿಸಿ ಮನೆಗೆ ಕಳಿಸುತ್ತಾರಂತೆ. ಗುರುಂಗ್ ಹಿಂದಿಯಲ್ಲಿ, ಏನೇನು ಹೋಗಿದೆ ನೋಡಿ ಹೇಳಿ ಎಂದ. ಇಂದುಮತಿಬಾಯಿ ಒಂದೊಂದಾಗಿ ತೆಗೆದಿಟ್ಟರು. ಪಾಸ್‌ಪೋರ್ಟು ಇತ್ತು. ಬಂಗಾರ ಇತ್ತು. ಅಧಿಕಾರಿಯ ಎದುರಿಗೇ ಉಳ್ಳಾಗಡ್ಡಿಯೂ ಹೊರಬಂತು.

"ಒಂದು ಕಾರ್ಡು ಇಲ್ಲ," ಎಂದರು.

"ಯಾರ ಕಾರ್ಡು?"

"ಲೀಲಾಂದು."

ಅವನು ತನ್ನ ಯಂತ್ರ ನೋಡಿ, ಆ ಕಾರ್ಡಿನವರು ಬೆಳಿಗ್ಗೆ ತಾವೇ ಇಳಿದು ಹೋಗಿದ್ದಾರೆ ಎಂದ. ಆಮೇಲೆ ಕೇಳಿದ:

"ಅವರ ಕಾರ್ಡು ಅವರು ತೆಗೆದುಕೊಂಡರೆ ನಿಮ್ಮದು ಏನು ಕಳುವಾಯಿತು, ತಾಯಿ?"

ಇಂದುಮತಿಬಾಯಿ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿ, ಹಡಗಿಗೆ ಹತ್ತುವ ಏಣಿಯ ಕಡೆ ನಡೆದರು. ಯಾವ ವಿಷಯಕ್ಕೂ ಅಭಿಪ್ರಾಯ ಇಲ್ಲದೆ ಅವರು ಇದ್ದದ್ದು ಅದೊಂದೇ ಸಲ.

ನಾವು ಮರಳಿದಾಗ ಅವರು ಏಣಿಯ ಬಾಯಿಯಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಬಿಸಿಲಿಗೆ ಕಪ್ಪಾಗಿತ್ತು. ಲೀಲಾ ಪರ್ಸಿನಿಂದ ನನ್ನನ್ನೂ ಕೀಲಿಕೈಯನ್ನೂ ತೆಗೆದು ಅಂಗೈ ಮೇಲಿಟ್ಟು ಚಾಚಿದಳು.

"ಅಂಗಡ್ಯಾಗ ಸುರುವಿದ್ದ ಬಳೆಚೂರು ಮತ್ತ ಡಬ್ಬಿಗೆ ತುಂಬೂವಾಗ ಸಿಕ್ಕಿತ್ತರಿ ವೈನಿ, ಅಪ್ಪ ಹೋದ ವರ್ಷ. ಕೊಡಬೇಕು ಅಂತ ಭಾಳ ಸಲ ಅನಕೊಂಡೆ. ಕೊಟ್ಟರ ನನ್ನ ಹತ್ರ ಒಂದು ಕೀಲಿಕೈನೂ ಇರೂದಿಲ್ಲಲ್ಲ, ಅದಕ್ಕ ಇಟಗೊಂಡೆ."

ಇಂದುಮತಿಬಾಯಿ ನನ್ನನ್ನು ತೆಗೆದುಕೊಂಡರು. ಕೀಲಿಕೈಯನ್ನು ಮುಟ್ಟಲಿಲ್ಲ. ನಾದಿನಿಯ ಬೆರಳುಗಳನ್ನು ಅದರ ಮೇಲೆ ಮಡಚಿದರು. ಆಗ ನೇರಳೆ ಬಳೆ ಕಂಡಿತು.

"ಯಾರು ತೊಡಿಸಿದರು?"

"ಆ ಊರಾಗ ಒಬ್ಬಾಕಿ."

"ಕೈ ನೋಯಿಸಲಿಲ್ಲಲ್ಲ?" ಎಂದು ಕೇಳಿದರು. ಕೇಳಬೇಕಾಗಿದ್ದು ಅದಲ್ಲ ಎಂದು ಅವರಿಗೂ ಗೊತ್ತಿತ್ತು.

ಕೋಣೆಗೆ ಹೋದ ಮೇಲೆ ವಯನ್‌ನನ್ನು ಕರೆದು, ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ತಪ್ಪಾಯಿತು ಎಂದರು. ಗುರುಂಗ್ ಕಂಡೂ ಕಾಣದಂತೆ ಬಿಟ್ಟು ಹೋಗಿದ್ದ ರೊಟ್ಟಿ, ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿಯನ್ನು ಅವನ ಕೈಗಿಟ್ಟರು. ಹಿಂಡಿಯ ಖಾರಕ್ಕೆ ಅವನು ಕೆಮ್ಮಿದ, ಆಮೇಲೆ ನಕ್ಕ. ಉಳ್ಳಾಗಡ್ಡಿಯ ವಾಸನೆ ಮೊದಲ ದಿನದಿಂದಲೂ ಗೊತ್ತಿತ್ತು, ಪಾಪ ಮನೆಯ ಊಟ ಎಂದು ಯಾರಿಗೂ ಹೇಳಲಿಲ್ಲ ಎಂದ. ಮೂಗು ಅರಳಿಸುತ್ತಿದ್ದದ್ದು ಅದಕ್ಕೆ. ನನಗೆ ನಾಚಿಕೆಯಾಯಿತು.

ಆ ಯಾತ್ರೆಯ ಉಪ್ಪುಗಾಳಿ ನನ್ನೊಳಗೆ ಸೇರಿ ಈಗ ನನ್ನ ಕೊಂಡಿ ಸರಿಯಾಗಿ ಕೂರುವುದಿಲ್ಲ. ಲೀಲಾಳ ಕೋಣೆಯಲ್ಲಿ ಒಂದು ಮೊಳೆಗೆ, ಬಾಯಿ ತೆರೆದುಕೊಂಡೇ ತೂಗುತ್ತಿದ್ದೇನೆ. ಅದೇ ಮೊಳೆಗೆ ಅವಳ ಹಳೆಯ ಕಾರ್ಡೂ ಇದೆ. ಅದರಲ್ಲಿ ಅವಳ ಹೆಸರು ಪೂರ್ತಿಯಾಗಿ ಇದೆ, ಶಿವಲೀಲಾ ಬಳಿಗಾರ ಎಂದು. ಎಷ್ಟೋ ಯಾತ್ರೆಗಳಲ್ಲಿ ಇಂಥ ಕಾರ್ಡನ್ನು ಕಳ್ಳರಿಂದ ಕಾಯುತ್ತಿದ್ದೇನೆಂದು ನಾನು ತಿಳಿದಿದ್ದೆ. ಕಳ್ಳರು ಒಬ್ಬರೂ ಬರಲಿಲ್ಲ. ನಾನು ತಡೆದು ನಿಲ್ಲಿಸಿದ್ದು ಅವಳೊಬ್ಬಳನ್ನೇ.

ಈ ವರ್ಷದ ಟಿಕೆಟ್ಟು ಮಾಡಿಸುವಾಗ ಇಂದುಮತಿಬಾಯಿ ಇದೇ ಕೋಣೆಗೆ ಬಂದು, ಹಡಗಿನ ನಕ್ಷೆ ಹಾಸಿಗೆಯ ಮೇಲೆ ಹರಡಿ ಕೂತರು.

"ನೀ ಹೇಳು, ಯಾವ ಕೋಣಿ?"

ಲೀಲಾ ನಕ್ಷೆಯ ಅಂಚಿನಲ್ಲಿ ಒಂದು ಕಡೆ ಬೆರಳಿಟ್ಟಳು.

"ಕಿಟಕಿ ಕೋಣಿ ಅಂದರ ದಂಡ," ಎಂದರು ವೈನಿ. "ಹಗಲೆಲ್ಲ ನೀರು ನೋಡೂದು ಏನೈತಿ?" ಗೊಣಗುತ್ತಲೇ ಅದನ್ನೇ ಗುರುತು ಹಾಕಿಕೊಂಡರು. ಆ ಕಿಟಕಿಯ ಗಾಜು ಗಟ್ಟಿ ಇದೆಯೋ ಇಲ್ಲವೋ ಎಂದು ನನಗೆ ಅನುಮಾನ ಇದ್ದೇ ಇತ್ತು, ಹುಟ್ಟುಗುಣ ಎಲ್ಲಿ ಹೋದೀತು.

ಹೋಗಿ ಬಂದರು. ನಾನು ಜೊತೆಗಿರಲಿಲ್ಲ. ಮರಳಿದ ದಿನ ಓಣಿಯ ಹೆಂಗಸರು ಬಂದು ಅಲ್ಲಿ ಹೆಂಗೈತಿ ಎಂದು ಕೇಳಿದರು. ಲೀಲಾ ಒಳಗೆ ಹೋಗಲಿಲ್ಲ. ಚಾಪೆ ಹಾಸಿ ಕೂತು, ಇಳಿದ ಊರುಗಳ ಬೀದಿಬೀದಿ ಹೇಳಿದಳು. ಚಹಾ ಮಾಡಿ ತಂದುಕೊಟ್ಟವರು ಇಂದುಮತಿಬಾಯಿ.

"ಕಿಟಕಿ ಕಡೆ ಯಾರು ಮಲಗಿದ್ರಿ?" ಎಂದು ಒಬ್ಬಾಕೆ ಕೇಳಿದಳು.

"ಲೀಲಾ," ಎಂದರು ಇಂದುಮತಿಬಾಯಿ. "ನಂದು ಎರಡನೇ ಹಾಸಿಗಿ."