ರೇಡಿಯೋ ಬಾಯಿ ಮುಚ್ಚಿದ ಕಥೆ

ವೃದ್ಧಾಶ್ರಮದ ಅಡುಗೆಯವನಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಒಲೆಯ ಮುಂದೆ ಕೇಳಿದ ಸುದ್ದಿ ಅನ್ನ ಬೇಯುವುದರೊಳಗೆ ಆಶ್ರಮವನ್ನೆಲ್ಲ ಸುತ್ತಿ ಬಂದಿರುತ್ತದೆ. ಮನಸ್ಸು ಮಾತ್ರ ಬೆಣ್ಣೆ.

ಅಂಥವನಿಗೇ ಹೆಂಡತಿ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಗುಟ್ಟು ಹೇಳಿದಳು. ಅವಳೂ ಅದೇ ಆಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸದವಳು.

"ಫೋಟೋ ಕಂಬಳಿ ವಿಷಯ ಟ್ರಸ್ಟಿನ ಅಧ್ಯಕ್ಷರಿಗೆ ಹೇಳಿಬಿಟ್ಟೆ ಕಣ್ರೀ."

ಫೋಟೋ ಕಂಬಳಿ ಅಂದರೆ ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ದಾನಿಗಳು ಬಂದಾಗ ಅಜ್ಜ ಅಜ್ಜಿಯರಿಗೆ ಹೊಸ ಕಂಬಳಿ ಹೊದಿಸಿ ಫೋಟೋ ತೆಗೆಯುವುದು. ದಾನಿಗಳ ಕಾರು ಗೇಟು ದಾಟಿದ ಕೂಡಲೇ ಮ್ಯಾನೇಜರು ಅವನ್ನೆಲ್ಲ ಮಡಿಸಿ ತನ್ನ ಭಾವಮೈದನ ಅಂಗಡಿಗೆ ಸಾಗಿಸುವುದು. ವಯಸ್ಸಾದವರಿಗೆ ಮತ್ತೆ ಅದೇ ತೂತು ಹೊದಿಕೆ.

ತುತ್ತು ರೇಡಿಯೋನ ಕೈಯಲ್ಲೇ ಉಳಿಯಿತು. "ನೀರಲ್ಲಿದ್ದು ಮೊಸಳೆ ಜೊತೆ ಜಗಳ ಬೇಕಿತ್ತಾ? ಇಬ್ಬರ ಕೆಲಸಾನೂ ಹೋಗುತ್ತೆ. ಚಾಡಿಕೋರಿ ಅಂತಾರೆ ನಿನ್ನ."

ಪಕ್ಕದ ಮನೆಯ ನರ್ಸಕ್ಕ ಅಲ್ಲೇ ಕೂತಿದ್ದಳು. ಆಶ್ರಮದಲ್ಲಿ ಮಾತ್ರೆ ಕೊಡುವವಳು ಅವಳೇ.

"ಚಾಡಿ ಹೇಳೋರು ತಮ್ಮ ಲಾಭಕ್ಕೆ ಹೇಳ್ತಾರೆ ಅಣ್ಣಾ. ಇವಳು ಅಜ್ಜಿಯರ ಚಳಿ ನೋಡಲಾರದೆ ಹೇಳಿದಾಳೆ. ಇದು ದೂರು. ದೂರು ಕೊಟ್ಟೋರ ಹೆಸರು ಹೊರಗೆ ಬರಬಾರದು, ಅವರ ಕೆಲಸ ಕಿತ್ಕೋಬಾರದು, ಕಿರುಕುಳ ಕೊಡಬಾರದು ಅಂತ ನಮ್ಮ ಟ್ರಸ್ಟಿನ ನಿಯಮದಲ್ಲೇ ಇದೆ. ಅಧ್ಯಕ್ಷರು ಬಾಯಿ ಬಿಡಲ್ಲ. ನನಗೆ ಭಯ ಇರೋದು ನಿಮ್ಮ ಬಾಯಿದೇ."

ಹೆಂಡತಿ ನಕ್ಕಳು. ರೇಡಿಯೋ ನಗಲಿಲ್ಲ.

ಅಧ್ಯಕ್ಷರು ಹೇಳದೆ ಕೇಳದೆ ಬಂದರು. ದೂರು ಎಲ್ಲಿಂದ ಬಂತೆಂದು ಯಾರೂ ಊಹಿಸಬಾರದು ಎಂದು ಒಂದೂ ಕೋಣೆ ಬಿಡದೆ ನೋಡಿದರು. ರೇಡಿಯೋನ ಅಕ್ಕಿ ಡಬ್ಬವನ್ನೂ ಬಿಡಲಿಲ್ಲ. ಅವರು ಹೋದ ಮೇಲೆ ಮ್ಯಾನೇಜರು ಅಡುಗೆಮನೆಗೆ ಬಂದ. ಮಾತಿನಲ್ಲಿ ಸಕ್ಕರೆ ಸುರಿಯುತ್ತಿತ್ತು.

"ಏನಪ್ಪಾ ರೇಡಿಯೋ, ನಿನಗೆ ಗೊತ್ತಿಲ್ಲದ ಸುದ್ದಿ ಯಾವುದಿದೆ? ಯಾರು ಹೇಳಿದ್ದು ಅಂತ ಹೇಳಿಬಿಡು. ನಿನ್ನನ್ನ ಚೆನ್ನಾಗಿ ನೋಡ್ಕೋತೀನಿ."

ಕಿಟಕಿಯಾಚೆ ಹೆಂಡತಿ ತೂತು ಹೊದಿಕೆ ಹಿಂಡುತ್ತಿದ್ದಳು. ತಣ್ಣೀರಿಗೆ ಬಿರಿದ ಅವಳ ಕೈ ಅವನಿಗೆ ಕಂಡಿತು.

"ಯಾರು ಹೇಳಿದ್ರು ಅನ್ನೋದು ಬಿಡಿ ಸಾರ್," ಅಂದ. "ಹೇಳಿದ್ದು ಸುಳ್ಳಾ?"

ಮ್ಯಾನೇಜರು ಸರ್ರನೆ ಹೊರಟುಹೋದ. ರೇಡಿಯೋ ತಡಮಾಡದೆ ಅಧ್ಯಕ್ಷರಿಗೆ ಫೋನು ಮಾಡಿ, ಇಲ್ಲಿ ಹೆಸರು ಹುಡುಕುತ್ತಿದ್ದಾರೆ ಎಂದು ತಿಳಿಸಿದ. ತನಿಖೆ ಮುಗಿಯುವ ತನಕ ಮ್ಯಾನೇಜರು ಆಶ್ರಮಕ್ಕೆ ಕಾಲಿಡಬಾರದೆಂದು ಆದೇಶವಾಯಿತು. ತನಿಖೆಯಲ್ಲಿ ದೂರು ನಿಜವೆಂದು ತಿಳಿದ ಮೇಲೆ ಅವನು ಮತ್ತೆ ಬರಲೇ ಇಲ್ಲ. ಕಂಬಳಿಗಳು ಬಂದವು.

ಬೊಚ್ಚುಬಾಯಿ ಅಜ್ಜಿ ಗದ್ದದ ತನಕ ಕಂಬಳಿ ಎಳೆದುಕೊಂಡು ಕೇಳಿದಳು. "ಯಾರಪ್ಪಾ ಆ ಪುಣ್ಯವಂತರು? ಹೆಸರು ಹೇಳು, ಹರಸ್ತೀನಿ."

ಹೆಸರು ರೇಡಿಯೋನ ನಾಲಿಗೆಯ ತುದಿಗೆ ಬಂತು. ಅವಳು ನನ್ನ ಹೆಂಡತಿ ಎಂದು ಬೀದಿಯಲ್ಲಿ ನಿಂತು ಕೂಗುವಷ್ಟು ಹೆಮ್ಮೆ ಅವನಿಗೆ.

"ಗೊತ್ತಿಲ್ಲ ಅಜ್ಜಿ. ಸುಮ್ನೆ ಹರಸಿ, ಅವರಿಗೆ ತಲುಪುತ್ತೆ."

ಬಂಧುಗಳೇ, ನಿಮ್ಮ ಸಂಘದಲ್ಲೋ ಸಂಸ್ಥೆಯಲ್ಲೋ ತಪ್ಪು ಕಂಡರೆ ಸರಿಯಾದವರಿಗೆ ತಿಳಿಸಿ. ಬೇರೆಯವರು ತಿಳಿಸಿದರೆ, ಹೇಳಿದ್ದೇನು ಎಂದು ವಿಚಾರಿಸಿ, ಹೇಳಿದವರು ಯಾರು ಎಂದು ಕೆದಕಬೇಡಿ. ಅವರಿಗೆ ಯಾರಾದರೂ ತೊಂದರೆ ಕೊಟ್ಟರೆ ಜೊತೆಗೆ ನಿಲ್ಲಿ. ಹೆಸರು ಗೊತ್ತಿದ್ದರೂ ನುಂಗಿಕೊಳ್ಳಿ. ನಮ್ಮ ರೇಡಿಯೋ ಕೈಲೇ ಆಯಿತು, ನಿಮ್ಮ ಕೈಲಿ ಆಗದೇ?