ಹಿಂಬದಿ ರಟ್ಟಿನ ನಂಬರು

ನನ್ನ ಸವತಿ ಹನ್ಸತು ಕತೆಗಾರ್ತಿ. ಈ ಮಾತನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುವುದಕ್ಕೆ ನನಗೆ ಸ್ವಲ್ಪ ಕಾಲ ಹಿಡಿಯಿತು. ನಾನು ಅಸಾಬೆ, ಈ ಮನೆಯ ಹಿರಿಯ ಹೆಂಡತಿ. ಅವಳು ನನ್ನ ಮೇಲೆ ಬಂದವಳು. ಬರುವಾಗ ಎಲ್ಲ ಮದುವಣಗಿತ್ತಿಯರಂತೆ ಮಂಚ, ಬೀರು, ಗೋಡೆಯೆತ್ತರಕ್ಕೆ ಪೇರಿಸುವಷ್ಟು ಪಾತ್ರೆ ತಂದಳು. ಜೊತೆಗೆ ಒಂದು ಪೆಟ್ಟಿಗೆ ತುಂಬ ಬರೆದು ಮುಗಿಸಿದ ಕಾದಂಬರಿಗಳನ್ನೂ ತಂದಳು. ಇವಳ ಮುಂದೆ ನನ್ನ ಬೇಳೆ ಬೇಯುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ನಮ್ಮ ಹೌಸಾ ನಾಡಿನ ಕಾನೊ ಊರಿನಲ್ಲಿ ಹೆಂಗಸರು ಕಾದಂಬರಿ ಬರೆಯುವುದು ಹೊಸದೇನಲ್ಲ. ಒಲೆಯ ಮೇಲೆ ಗಂಜಿ ಕುದಿಯುವಾಗ ಒಂದು ಪುಟ, ಮಗು ಮಲಗಿದಾಗ ಒಂದು ಪುಟ. ತೆಳ್ಳನೆಯ ಪುಸ್ತಕವಾಗಿ ಭಾಗ ಒಂದು, ಭಾಗ ಎರಡು ಎಂದು ಮಾರುಕಟ್ಟೆಗೆ ಬರುತ್ತದೆ. ಹಿಂಬದಿ ರಟ್ಟಿನ ಮೇಲೆ ಬರೆದವಳ ಫೋನ್ ನಂಬರು ಇರಲೇಬೇಕು. ಓದಿದವರು ಫೋನ್ ಮಾಡಿ ಅಳುತ್ತಾರೆ, ಬೈಯುತ್ತಾರೆ, ಆ ಹುಡುಗಿಯನ್ನು ಆ ಮುದುಕನಿಗೆ ಯಾಕೆ ಕಟ್ಟಿದೆ ಎಂದು ಜಗಳ ಕಾಯುತ್ತಾರೆ. ಹನ್ಸತುಗೆ ಜಗಳ ಆಗಿಬರುವುದಿಲ್ಲ. ನನಗೆ ಅದೇ ಊಟ. ಹೀಗಾಗಿ ಆ ನಂಬರಿನ ಫೋನು ನನ್ನ ಕೈಗೆ ಬಂತು, ನಾನೇ ಅವಳ ಕಾರ್ಯದರ್ಶಿಯಾದೆ.

ಊರೆಲ್ಲ ಫೋನ್ ಮಾಡಿದರೂ ಒಬ್ಬರು ಮಾತ್ರ ಅವಳ ಕತೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳ ತಾಯಿ, ನಾವೆಲ್ಲ ಉಮ್ಮ ಎನ್ನುವವರು. ಉಮ್ಮ ವುದಿಲ್‌ ಎಂಬ ಊರಿನಲ್ಲಿ ಕುಲಿಕುಲಿ ಮಾರುತ್ತಾರೆ, ಎಣ್ಣೆ ಹಿಂಡಿ ಉಳಿದ ಕಡಲೆಕಾಯಿ ಹಿಟ್ಟನ್ನು ಬಳೆಯ ಹಾಗೆ ಸುತ್ತಿ ಕರಿದ ತಿಂಡಿ. ಅವರಿಗೆ ಅರಬ್ಬಿ ಅಕ್ಷರ ಬರುತ್ತದೆ, ಪುಸ್ತಕದಲ್ಲಿರುವ ಇಂಗ್ಲಿಷ್ ಶಾಲೆಯ ಅಕ್ಷರ ಬರುವುದಿಲ್ಲ. ಅದೂ ಅಲ್ಲದೆ ಹನ್ಸತು ಚೊಚ್ಚಲ ಮಗಳು. ಚೊಚ್ಚಲ ಮಗುವಿನ ಹೆಸರನ್ನು ತಾಯಿ ಬಾಯಲ್ಲಿ ಹೇಳುವುದು, ನಾಲ್ಕು ಜನರ ಮುಂದೆ ಮುದ್ದು ಮಾಡುವುದು ನಮ್ಮಲ್ಲಿ ಮಾನಗೆಟ್ಟ ಕೆಲಸ. ಉಮ್ಮ ಹಳೆಯ ಕಾಲದವರು, ಒಂದು ಕೂದಲೆಳೆಯಷ್ಟೂ ಸಡಿಲ ಬಿಟ್ಟವರಲ್ಲ. ಹನ್ಸತು ತವರಿಗೆ ಹೋದರೆ ಗೋಡೆ ನೋಡಿಕೊಂಡು ಮಾತಾಡುತ್ತಿದ್ದರು. ಫೋನ್ ಮಾಡಿದರೆ ಅದನ್ನು ಕಿರಿಯ ಮಗಳ ಕೈಗೆ ದಾಟಿಸುತ್ತಿದ್ದರು.

ಉಮ್ಮನಿಗೆ ತನ್ನ ಕತೆ ಕೇಳಿಸಬೇಕು ಎನ್ನುವುದೊಂದೇ ಹನ್ಸತುವಿನ ಆಸೆ. ಅದಕ್ಕಿದ್ದ ದಾರಿಯೂ ಒಂದೇ, ರೇಡಿಯೊ. ಮಾಲಂ ಟಾಂಕೊ ಎಂಬಾತ ಮಧ್ಯಾಹ್ನ ಇಳಿದ ಮೇಲೆ ರೇಡಿಯೊದಲ್ಲಿ ಕಾದಂಬರಿ ಓದುತ್ತಾನೆ. ಆ ಹೊತ್ತಿಗೆ ಉಮ್ಮ ಎಣ್ಣೆ ಬಾಣಲೆಯ ಪಕ್ಕ ರೇಡಿಯೊ ಇಟ್ಟುಕೊಂಡು ಕೂರುತ್ತಾರೆ. ಹನ್ಸತು ತನ್ನ ಹೊಸ ಕಾದಂಬರಿಯನ್ನು ಟಾಂಕೊಗೆ ಕಳಿಸಿದಳು. ಅವನು ಮರ್ಯಾದೆಯಿಂದಲೇ ವಾಪಸ್ ಕಳಿಸಿದ. ನಡುವಿಗೆ ಬರುವಷ್ಟರಲ್ಲಿ ಕೇಳುಗರು ಎದ್ದು ಅಡುಗೆಗೆ ಹೋಗುತ್ತಾರೆ, ಅವರನ್ನು ಕೂರಿಸುವ ಹಾಗೆ ತಿದ್ದಿಕೊಡಿ ಎಂದ. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವಳ ಪಾಲಿನ ಮಾಂಸ ನಾನು ತಿಂದೆ, ಆದರೆ ರುಚಿಸಲಿಲ್ಲ.

ಬರಹಗಾರ್ತಿಯರ ಸಂಘದಲ್ಲಿ ಯಾರೋ ಅವಳ ಫೋನಿಗೆ ಕೃತಕ ಬುದ್ಧಿಮತ್ತೆಯ ಒಂದು ಆ್ಯಪ್ ಹಾಕಿಕೊಟ್ಟರು. ಬರೆದದ್ದನ್ನು ಅದಕ್ಕೆ ತೋರಿಸಿದರೆ ಓದಿ ತಪ್ಪು ಹೇಳುತ್ತದಂತೆ, ನಮ್ಮ ಹೌಸಾ ಮಾತೂ ಆಡುತ್ತದಂತೆ. ಆಡುತ್ತಿತ್ತು, ಆದರೆ ಇಸ್ತ್ರಿ ಮಾಡಿದ ಹೌಸಾ. ಹೆಣ್ಣುದನಿ ಬೇರೆ. ಯಜಮಾನರು ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತು ಒಳಗೆ ಯಾರಿದ್ದಾರೆ ಎಂದು ಕೇಳಿದರು. ನಿಮಗೆ ಮೂರನೆಯವಳು ಬಂದಿದ್ದಾಳೆ, ಉಡಲು ಉಣ್ಣಲು ಏನೂ ಕೇಳುವುದಿಲ್ಲ ಎಂದೆ. ಹಾಗಾದರೆ ಇರಲಿ ಬಿಡು ಎಂದು ಕೈಕಾಲು ತೊಳೆಯಲು ಹೋದರು.

ಆ ಮೂರನೆಯವಳು ಚುರುಕಾಗಿದ್ದಳು, ಒಪ್ಪಲೇಬೇಕು. ನಾಯಕನ ಕಾರು ಮೊದಲು ಬಿಳಿ ಇತ್ತು, ಆಮೇಲೆ ಕಪ್ಪಾಯಿತು ಎಂದು ಹಿಡಿದಳು. ಸತ್ತ ಚಿಕ್ಕಪ್ಪ ಮದುವೆಯಲ್ಲಿ ಅನ್ನ ತಿನ್ನುತ್ತಿರುವುದನ್ನೂ ಹಿಡಿದಳು. ನಡುವೆ ಒಂದರ ಹಿಂದೊಂದು ಮೂರು ಮದುವೆಗಳಿವೆ, ಎರಡನ್ನು ತೆಗೆದರೆ ಕತೆಗೆ ಏನೂ ನಷ್ಟವಿಲ್ಲ ಎಂದಳು. ಹನ್ಸತು ಮೊದಲು ಮುಖ ಊದಿಸಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಕತ್ತರಿಸಿದಳು. ಬೇಕಾದರೆ ಉಳಿದ ಅಧ್ಯಾಯಗಳನ್ನು ನಾನೇ ಹೊಸದಾಗಿ ಬರೆದುಕೊಡಲೇ ಎಂದು ಫೋನು ಕೇಳಿದಾಗ ಮಾತ್ರ ಅವಳಿಗೆ ರೇಗಿತು.

“ನೋಡಕ್ಕ ಇದನ್ನ. ಮದುವೆಗೆ ಸಾಕ್ಷಿ ಹೇಳೋಕೆ ಕರೆದ್ರೆ ಮದುಮಗನ ಜಾಗದಲ್ಲೇ ಕೂತ್ಕೊಳ್ತಿದೆ.”

ಬರೆಯುವುದು ನನ್ನ ಕೆಲಸ, ನೀನು ಓದಿ ಹೇಳು ಸಾಕು ಎಂದು ಅದಕ್ಕೆ ಗೆರೆ ಎಳೆದಳು. ಅದೂ ತಪ್ಪಾಯಿತು ಎಂದು ಒಪ್ಪಿಕೊಂಡಿತು. ಸವತಿಯರಲ್ಲಿ ಅಷ್ಟು ಬೇಗ ತಪ್ಪು ಒಪ್ಪಿಕೊಂಡವಳನ್ನು ನಾನು ನೋಡಿಲ್ಲ.

ಎಡವಟ್ಟಾಗಿದ್ದು ಕತೆಯ ನಡುಭಾಗದಲ್ಲಿ. ರಕಿಯ ಎಂಬ ಚೊಚ್ಚಲ ಮಗಳು ಮದುವೆಯಾಗಿ ಗಂಡನ ಮನೆಗೆ ಹೊರಡುತ್ತಾಳೆ, ತಾಯಿ ಅಡುಗೆಮನೆಯಿಂದ ಈಚೆಗೇ ಬರುವುದಿಲ್ಲ. ಇಲ್ಲೇ ಕತೆ ಸೊರಗಿದೆ ಎಂದಿತು ಫೋನು. ಈ ತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೇನೋ ಅನಿಸುತ್ತದೆ, ಅವಳು ಮಗಳನ್ನು ತಬ್ಬಿಕೊಂಡು ಹೆಸರು ಹಿಡಿದು ಕರೆದು ಅಳಲಿ ಎಂದಿತು. ಕಾರಿನ ಬಣ್ಣದಿಂದ ಹಿಡಿದು ಅಷ್ಟೆಲ್ಲ ಸರಿಯಾಗಿ ಹೇಳಿದ ಮೇಲೆ ಇದನ್ನೂ ಸರಿಯಾಗೇ ಹೇಳಿರಬೇಕು ಎಂದು ಹನ್ಸತು ಹಿರಿಯರ ಮಾತಿಗೆ ತಲೆಬಾಗಿಸುವ ಹಾಗೆ ತಲೆಬಾಗಿಸಿದಳು. ಹಾಗೇ ಬರೆದುಬಿಟ್ಟಳು. ಶುಕ್ರವಾರ ನಮ್ಮ ಅಂಗಳದಲ್ಲಿ ಜಡೆ ಹೆಣೆಸಿಕೊಳ್ಳಲು ಸೇರಿದ ಹೆಂಗಸರ ಮುಂದೆ ಓದಿಯೂಬಿಟ್ಟಳು.

ತಾಯಿ “ರಕಿಯಾ, ನನ್ನ ಬಂಗಾರ” ಎಂದು ಕೂಗುವ ಜಾಗ ಬಂದಾಗ ಪಕ್ಕದ ಮನೆಯ ಮುದುಕಿ ಗಾಂಬೊ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು, ಕತೆಯೊಳಗಿನ ಹೆಂಗಸು ಬಟ್ಟೆಯಿಲ್ಲದೆ ಬೀದಿಗೆ ಬಂದಳೇನೋ ಎಂಬಂತೆ. ಜಡೆ ಹೆಣೆಯುವವಳ ಕೈ ನಿಂತಿತು. ಇವಳೇನು ತಾಯಿಯೋ ಸಿನಿಮಾದವಳೋ ಎಂದು ಒಬ್ಬಳು ಕೇಳಿದಳು. ನನಗೆ ನಗು ತಡೆಯಲಾಗದೆ ನೀರಿನ ಹಂಡೆಯ ಹಿಂದೆ ಹೋಗಿ ಕೂತೆ. ತಿರುಗಿ ನೋಡಿದರೆ ಹನ್ಸತುವಿನ ಕಣ್ಣಲ್ಲಿ ನೀರು. ಇದನ್ನು ಉಮ್ಮ ಕೇಳಿದ್ದರೆ ಏನು ಗತಿ ಎಂದಳು. ನಗು ಅಲ್ಲಿಗೆ ನಿಂತಿತು. ಅವಳು ನನ್ನ ಸವತಿ ನಿಜ, ಆದರೆ ಅವಳನ್ನು ಅಳಿಸುವ ಹಕ್ಕು ನನ್ನದು, ಫೋನಿನದಲ್ಲ.

ನಾನೇ ಫೋನ್ ಎತ್ತಿಕೊಂಡು ದಬಾಯಿಸಿದೆ. ನಮ್ಮಲ್ಲಿ ಚೊಚ್ಚಲ ಮಗುವಿನ ಹೆಸರನ್ನು ತಾಯಿ ಹೇಳುವುದಿಲ್ಲ, ಹೇಳದೆ ಇರುವುದೇ ಅವಳ ಮರ್ಯಾದೆ, ಪ್ರೀತಿ ಇಲ್ಲ ಅನ್ನುವುದಕ್ಕೆ ನೀನು ಯಾರು ಎಂದು ಉಸಿರು ಕಟ್ಟುವವರೆಗೆ ಹೇಳಿದೆ. ಅದು ಎಲ್ಲ ಕೇಳಿಸಿಕೊಂಡಿತು. ನನ್ನ ಸಲಹೆ ತಪ್ಪು, ಇದು ನನಗೆ ಹೊಳೆಯಲಿಲ್ಲ ಎಂದಿತು. ಆಮೇಲೆ ಒಂದು ಪ್ರಶ್ನೆ ಕೇಳಿತು.

“ಹೆಸರು ಹೇಳುವಂತಿಲ್ಲ, ತಬ್ಬಿಕೊಳ್ಳುವಂತಿಲ್ಲ. ಹಾಗಿದ್ದರೆ ಅದರ ಬದಲು ಆ ತಾಯಿ ಏನು ಮಾಡುತ್ತಾಳೆ?”

ತನ್ನ ತಾಯಿ ಏನೂ ಮಾಡಿಲ್ಲ ಎಂದಳು ಹನ್ಸತು. ಹೋದಾಗಲೆಲ್ಲ ಒಂದು ಗಂಟು ಕುಲಿಕುಲಿಯನ್ನು ಬಾಗಿಲ ಹತ್ತಿರ ಇಟ್ಟು, ಇವು ಮುರಿದವು, ಮಾರಾಟವಾಗಲಿಲ್ಲ, ಯಾರಾದರೂ ತೆಗೆದುಕೊಂಡು ಹೋಗಲಿ ಎಂದು ಗೋಡೆಗೆ ಹೇಳುತ್ತಾರೆ, ಅಷ್ಟೇ. ಗಿರಾಕಿಗಳು ಬಿಟ್ಟದ್ದು ತನ್ನ ಪಾಲಿಗೆ ಎಂದಳು.

ಆ ಗಂಟನ್ನು ಅವಳು ಬಿಚ್ಚುವುದೇ ಇಲ್ಲ, ಬಂದವಳೇ ನನ್ನ ಕೈಗೆ ಕೊಡುತ್ತಾಳೆ. ಬಿಚ್ಚುವವಳು ನಾನು, ಡಬ್ಬಿಗೆ ತುಂಬುವವಳು ನಾನು, ಮುಕ್ಕಾಲು ಪಾಲು ತಿನ್ನುವವಳೂ ನಾನು.

“ಮುರಿದವಾ? ಯಾರು ಹೇಳಿದ್ದು ನಿಂಗೆ? ಇಷ್ಟು ವರ್ಷ ತಿಂದಿದ್ದೀನಿ ಕಣೆ. ಅದರಲ್ಲಿ ಒಂದೇ ಒಂದು ಮುರಿದದ್ದು ನಾನು ಕಂಡಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಮುರಿಯದ ಹಾಗೆ ಬಳೆಗಳ ನಡುವೆ ಜೋಳದ ಸಿಪ್ಪೆ ಬೇರೆ ಇಟ್ಟಿರುತ್ತಾರೆ ಎಂದು ಹೇಳಿದೆ. ಅವಳ ಮುಖ ಒಮ್ಮೆಲೇ ಅರಳಿತು. ನನ್ನ ಕೈ ಹಿಡಿದು ಹಿಸುಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬರೆಯಲು ಕೂತಳು. ಅವತ್ತಿನ ಅಡುಗೆ ಅವಳ ಸರದಿಯಾಗಿತ್ತು. ನಾನೇ ಮಾಡಿದೆ, ಗೊಣಗಲೂ ಇಲ್ಲ.

ಹೊಸದಾಗಿ ಬರೆದದ್ದರಲ್ಲಿ ರಕಿಯಳ ತಾಯಿ ಅಡುಗೆಮನೆಯಿಂದ ಈಚೆಗೆ ಬರುವುದಿಲ್ಲ, ಹೆಸರು ಹೇಳುವುದಿಲ್ಲ. ಮುರಿದವು, ಯಾರಾದರೂ ಒಯ್ಯಲಿ ಎಂದು ಒಂದು ಗಂಟನ್ನು ಹೊಸಿಲ ಮೇಲೆ ಇಡುತ್ತಾಳೆ. ಗಂಡನ ಮನೆಯಲ್ಲಿ ಹುಡುಗಿ ಗಂಟು ಬಿಚ್ಚುತ್ತಾಳೆ, ಒಂದೂ ಮುರಿದಿಲ್ಲ. ಅಷ್ಟೇ. ಮತ್ತೆ ಅಂಗಳದಲ್ಲಿ ಓದಿದಾಗ ಮುದುಕಿ ಗಾಂಬೊ ಈ ಸಲವೂ ಮುಸುಕು ಎಳೆದುಕೊಂಡಳು, ಆದರೆ ಕಣ್ಣೊರೆಸಲು. ಫೋನು ಇಲ್ಲಿ ಏನನ್ನೂ ಮುಟ್ಟಬೇಡಿ ಎಂದಿತು. ಒಂದು ಕಡೆ ಮಾತ್ರ, ಹುಡುಗಿಯ ಕಣ್ಣೀರನ್ನು ವರ್ಣಿಸಿದ ಸಾಲು ಬೇಡ, ಗಂಟು ಬಿಚ್ಚಿದ್ದೇ ಸಾಕು ಎಂದಿತು. ಹನ್ಸತು ಯೋಚಿಸಿ, ಹೌದು ಎಂದು ಹೊಡೆದುಹಾಕಿದಳು.

ಟಾಂಕೊ ಈ ಸಲ ವಾಪಸ್ ಕಳಿಸಲಿಲ್ಲ. ಹೊಸಿಲಿನ ಆ ಭಾಗವನ್ನು ಒಂದು ದಿನ ರೇಡಿಯೊದಲ್ಲಿ ಓದಿದ. ಕೊನೆಗೆ ಬರೆದವರು ಹನ್ಸತು, ಅವರ ಜೊತೆ ಮಾತಾಡುವವರು ಈ ನಂಬರಿಗೆ ಕರೆ ಮಾಡಿ ಎಂದು ನಂಬರು ಹೇಳಿದ. ಫೋನು ಹೊಡೆದುಕೊಳ್ಳಲು ಶುರುವಾಯಿತು. ಹನ್ಸತು ನನ್ನ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ ದನಿ ಜೋರಾಗಿಟ್ಟು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದೆ. ಅದರ ನಡುವೆ ಒಂದು ಕರೆ. ಮೊದಲು ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುವ ಸದ್ದು ಕೇಳಿತು, ಆಮೇಲೆ ದನಿ.

“ಕತೆ ಬರೆದೋರ ನಂಬರಾ ಇದು?”

ಹನ್ಸತು ನನ್ನ ತೋಳು ಹಿಡಿದುಕೊಂಡಳು. ಮಗಳ ಸ್ವಂತ ನಂಬರು ಉಮ್ಮನ ಮನೆಯಲ್ಲೇ ಇದೆ. ಅದನ್ನು ಬಿಟ್ಟು ಎಲ್ಲ ಓದುಗರ ಹಾಗೆ ಈ ನಂಬರಿಗೆ ಮಾಡಿದ್ದರು. ನನಗೆ ಎಲ್ಲಿಲ್ಲದ ತುಂಟತನ ಬಂತು.

“ಹೌದು ತಾಯಿ. ನಾನು ಅವರ ಕಾರ್ಯದರ್ಶಿ. ಯಾರು ಬೇಕಿತ್ತು ತಮಗೆ?”

“ಆ ಬರೆದೋಳು.”

“ಈ ಮನೇಲಿ ಬರೆಯೋರು ಇಬ್ಬರಿದ್ದೀವಿ. ಹೆಸರು ಹೇಳಬೇಕು.”

ನಾನು ಜನ್ಮದಲ್ಲಿ ಸಾಮಾನಿನ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಎಣ್ಣೆ ಚುರುಗುಟ್ಟುತ್ತಲೇ ಇತ್ತು.

“ಹನ್ಸತು.”

ನನಗೆ ಸ್ಪಷ್ಟವಾಗಿ ಕೇಳಿಸಿತ್ತು. “ಸರಿಯಾಗಿ ಕೇಳಿಸಲಿಲ್ಲ ತಾಯಿ,” ಎಂದೆ.

“ಹನ್ಸತು. ಹನ್ಸತು ಅಂತ. ರೇಡಿಯೊದಲ್ಲಿ ಊರಿಗೆಲ್ಲ ಕೇಳಿಸಿದೆ, ನಿಂಗೊಬ್ಬಳಿಗೆ ಕೇಳಿಸಲಿಲ್ವಾ. ಅವಳಿಗೆ ಹೇಳು, ಆ ಗಂಟಲ್ಲಿ ಏನಿತ್ತು ಅಂತ ಹಾಗೆಲ್ಲ ಬಯಲು ಮಾಡಬಾರದಿತ್ತು. ನಾಳೆಯಿಂದ ಗಿರಾಕಿಗಳೆಲ್ಲ ಒಳ್ಳೇದನ್ನ ಯಾರಿಗೆ ಎತ್ತಿಟ್ಟಿದ್ದೀಯ ಅಂತ ಕೇಳ್ತಾರೆ.” ಆಮೇಲೆ, “ಎರಡನೇ ಭಾಗ ಯಾವಾಗ ಅಂತಾನೂ ಕೇಳು,” ಎಂದರು.

ಹನ್ಸತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಬೇಗ ಬರುತ್ತದೆ ತಾಯಿ, ಹೇಳುತ್ತೇನೆ ಎಂದೆ.

“ಆಗಲಿ,” ಎಂದರು ಉಮ್ಮ. “ಅಸಾಬೆ, ನಿಂಗೂ ಒಂದು ಗಂಟು ಕಳಿಸ್ತೀನಿ.” ಫೋನ್ ಇಟ್ಟರು.

ಮರುದಿನ ವುದಿಲ್ ಬಸ್ಸಿನಲ್ಲಿ ಎರಡು ಗಂಟು ಬಂದವು. ಹನ್ಸತು ತನ್ನದನ್ನು ಮೊದಲ ಸಲ ತಾನೇ ಬಿಚ್ಚಿದಳು, ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲ ಇಡಿಯಾಗಿದ್ದವು. ನಾನೂ ನನ್ನದನ್ನು ಬಿಚ್ಚಿದೆ. ಎಲ್ಲ ಮುರಿದವೇ, ಒಂದೂ ತಪ್ಪದಂತೆ ಬೇಕೆಂದೇ ಮುರಿದಿದ್ದರು. ಅಂಗಳದಲ್ಲಿ ಕೂತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ತಿಂದೆವು.