ಹಿತ್ತಿಲ ಬಾಗಿಲಿನ ಬೀಗ

ಹೆತ್ತ ಅಪ್ಪನ ಮುಖ ನೋಡಲು ಯಾರಾದರೂ ಪೊಲೀಸರ ಚೀಟಿ ತರುತ್ತಾರೆಯೇ? ಅಪ್ಪ ಕವರತ್ತಿಯಲ್ಲಿದ್ದರೆ ತರಲೇಬೇಕು. ಪರ್ಮಿಟ್ ಇಲ್ಲದೆ ಹೊರಗಿನವರು ಲಕ್ಷದ್ವೀಪದಲ್ಲಿ ಕಾಲಿಡುವಂತಿಲ್ಲ. ಪರ್ಮಿಟ್ ಬೇಕಾದರೆ ನಿಮ್ಮ ಮೇಲೆ ಕೇಸು ಗೀಸು ಏನೂ ಇಲ್ಲವೆಂದು ಪೊಲೀಸರು ಬರೆದುಕೊಡಬೇಕು.

ದೀಪ್ತಿಗೆ ಇದು ಗೊತ್ತಾದದ್ದು 2007ರ ಮೇ ತಿಂಗಳ ಒಂದು ಸೋಮವಾರ, ತಿರುವನಂತಪುರದ ಐಟಿ ಪಾರ್ಕಿನ ತನ್ನ ಆಫೀಸಿನಲ್ಲಿ ಕೂತಿದ್ದಾಗ. ದ್ವೀಪದ ಆಸ್ಪತ್ರೆಯಿಂದ ನರ್ಸ್ ಫೋನು ಮಾಡಿದ್ದಳು. ನಿಮ್ಮ ತಂದೆ, ಲೈಟ್‌ಹೌಸಿನ ಕೃಷ್ಣಾನಂದ ಸಾರ್ ಅವರ ಹೃದಯ ಪೂರಾ ಸೋತಿದೆ, ಹೆಲಿಕಾಪ್ಟರಿಗೆ ಹತ್ತಿಸುವ ಸ್ಥಿತಿಯಲ್ಲೂ ಇಲ್ಲ, ಮಗ ಶಂಭುವಿನ ಹೆಸರನ್ನೇ ಕನವರಿಸುತ್ತಿದ್ದಾರೆ, ಬೇಗ ಬನ್ನಿ ಎಂದಳು. ಹಡಗು ಬುಧವಾರ. ಅದು ತಪ್ಪಿದರೆ ಇನ್ನೊಂದು ಎಂಟು ದಿನಕ್ಕೆ.

ದೀಪ್ತಿ ಸ್ಟೇಷನ್ನಿನ ಬೆಂಚಿನಲ್ಲಿ ಇಡೀ ದಿನ ಕೂತಳು, ಅತ್ತಳು, ಕೈಮುಗಿದಳು, ಸಂಜೆಗೆ ಕಾಗದ ಸಿಕ್ಕಿತು. ಮಂಗಳವಾರ ಮೊದಲ ರೈಲಿಗೆ ಕೊಚ್ಚಿಗೆ ಬಂದು ವಿಲ್ಲಿಂಗ್ಡನ್ ದ್ವೀಪದ ಪರ್ಮಿಟ್ ಆಫೀಸಿಗೆ ಓಡಿದಳು. ತ್ರಿಪ್ಪುಣಿತ್ತುರದಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದ ಅಣ್ಣ ಶಂಭು ಅಲ್ಲಿ ಗೋಡೆಗೊರಗಿ ನಿಂತಿದ್ದ. ಪರ್ಮಿಟ್ ಸಿಕ್ಕಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಎಂತ ಆಯ್ತಣ್ಣಾ?"

"ಊರಿನ ಸ್ಟೇಷನ್ನಿಂದ ಫ್ಯಾಕ್ಸ್ ಬಂತು. ಆ ಕೇಸು ಇನ್ನೂ ಮುಗೀಲೇ ಇಲ್ವಂತೆ ಮಾರಾಯ್ತಿ."

ಅಯ್ಯೋ ದೇವರೇ, ಆ ಕೇಸು! ಒಂಬತ್ತು ವರ್ಷದ ಹಿಂದೆ ಕಾಸರಗೋಡಿನಲ್ಲಿ ಕಾಲೇಜಿನ ಹುಡುಗರೆಲ್ಲ ಸೇರಿ ಕನ್ನಡದಲ್ಲೂ ಅರ್ಜಿ ಫಾರಂ ಕೊಡಿ ಎಂದು ಒಂದು ಸರ್ಕಾರಿ ಕಚೇರಿಯ ಮುಂದೆ ಕೂತಿದ್ದರು. ಉಳಿದವರು ಘೋಷಣೆ ಕೂಗುವಷ್ಟರಲ್ಲೇ ತೃಪ್ತರಾಗಿದ್ದರೆ, ಹತ್ತೊಂಬತ್ತರ ದೀಪ್ತಿ ಎಂಬ ಮಹಾತಾಯಿ ಮನೆಯಿಂದ ಬೀಗ ತಂದು, ಅಧಿಕಾರಿ ಒಳಗಿರುವಾಗಲೇ ಗೇಟಿಗೆ ಜಡಿದುಬಿಟ್ಟಳು. ಪೊಲೀಸರು ಬೀಗ ಹಾಕಿದವರು ಯಾರೆಂದು ಗದರಿದಾಗ ಅವಳ ನಾಲಿಗೆ ಬಿದ್ದುಹೋಯಿತು. ಶಂಭು ಮುಂದೆ ಬಂದು "ನಾನೇ" ಎಂದ. ತಂಗಿಗೆ ಆಗಷ್ಟೇ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು.

ಕೃಷ್ಣಾನಂದರು ಅಂದೇ ಮಗನ ಜೊತೆ ಮಾತು ಬಿಟ್ಟರು. ಎಲ್ಲರೂ ಬೇಡವೆನ್ನುವ ದ್ವೀಪದ ವರ್ಗಾವಣೆಯನ್ನು ತಾವೇ ಕೇಳಿ ಪಡೆದು ಹೋದರು. ಕೇಸಿದ್ದವನಿಗೆ ಸರ್ಕಾರಿ ಕೆಲಸವೂ ದಕ್ಕಲಿಲ್ಲ. ದೀಪ್ತಿ ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಂಡೇ ಒಂಬತ್ತು ವರ್ಷ ಕಳೆದಳು.

ಈಗ ಅವಳು ಅಣ್ಣನ ಕೈ ಕೊಸರಿಕೊಂಡು ನೇರ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತಳು. "ಸಾರ್, ಬೀಗ ಹಾಕಿದ್ದು ಇವನಲ್ಲ, ನಾನು. ನನ್ನ ಅರ್ಜಿ ಹರಿದುಹಾಕಿ, ಪರ್ಮಿಟ್ ಇವನಿಗೆ ಕೊಡಿ. ನಿಮ್ಮ ಕಾಲಿಗೆ ಬೀಳ್ತೇನೆ."

ಅಧಿಕಾರಿ ಕನ್ನಡಕ ತೆಗೆದರು. ಕೆಟ್ಟವರಲ್ಲ ಪಾಪ, ಮಲಯಾಳದಲ್ಲಿ ಮಗಳೇ ಎಂದೇ ಕರೆದರು. "ಮೋಳೇ, ಅವನ ಹೆಸರನ್ನು ಕೋರ್ಟು ತೆಗೆಯಬೇಕು, ನಾನಲ್ಲ. ನೀನು ಇದನ್ನು ಇನ್ನೊಂದು ಸಲ ಹೇಳಿದರೆ ನಿನ್ನದನ್ನೂ ತಡೆಯಬೇಕಾಗುತ್ತದೆ. ಆಗ ಆ ತಂದೆಯ ಹತ್ತಿರ ಯಾರೂ ಇರುವುದಿಲ್ಲ. ನಾನು ಕೇಳಿಸಿಕೊಂಡಿಲ್ಲ, ಹೋಗು."

ಬುಧವಾರ ಬಂದರಿನ ಗೇಟಿನವರೆಗೆ ಶಂಭು ಅವಳ ಚೀಲ ಹೊತ್ತು ತಂದ.

"ಅಪ್ಪನಿಗೆ ಎಲ್ಲ ಹೇಳಿಬಿಡ್ತೇನೆ ಅಣ್ಣಾ."

"ಬೇಡ. ಹೋಗುವ ಜೀವ, ನಿನ್ನ ಮೇಲೂ ಸಿಟ್ಟು ಮಾಡಿಕೊಂಡು ಹೋಗುವುದು ಬೇಡ," ಎಂದು ಅವನು ಮುಖ ತಿರುಗಿಸಿಕೊಂಡ. ಹಡಗು ಹೊರಟಾಗಲೂ ಅವನು ಗೇಟಿನ ಸರಳು ಹಿಡಿದು ನಿಂತೇ ಇದ್ದ. ದೀಪ್ತಿಗೆ ತನ್ನ ಮೇಲೆ ಅಸಹ್ಯವಾಯಿತು.

ಗುರುವಾರ ಅವಳು ಆಸ್ಪತ್ರೆ ಮುಟ್ಟಿದಾಗ ಅಪ್ಪನ ಉಸಿರು ಎಳೆಯುತ್ತಿತ್ತು, ಎಚ್ಚರವಿತ್ತು. ಅವಳು ಮಂಚದ ಪಕ್ಕ ಕುಸಿದು ಕೂತು, ಅಣ್ಣ ಬೇಡವೆಂದದ್ದನ್ನೆಲ್ಲ ಒದರಿಬಿಟ್ಟಳು.

"ಗೊತ್ತುಂಟು," ಎಂದರು ಕೃಷ್ಣಾನಂದರು.

"ಎಂತದು?"

"ಹಿತ್ತಿಲ ಬಾಗಿಲಿನ ಬೀಗ ಅದು. ನಾನೇ ತಂದದ್ದು. ಕೀ ನಿನ್ನ ಪುಸ್ತಕದ ಚೀಲದಲ್ಲಿತ್ತು."

"ಮತ್ತೆ ಅಣ್ಣನ ಹತ್ತಿರ ಯಾಕೆ ಮಾತಾಡಲಿಲ್ಲ ನೀವು?"

"ಅವನಾಗಿ ಬಂದು ನಿಜ ಹೇಳ್ಲಿ ಅಂತ ಕಾದೆ. ಹೇಳಲಿಲ್ಲ. ನನಗೂ ಹಠ." ಅವರು ಬಹಳ ಹೊತ್ತು ಉಸಿರಿಗೆ ಒದ್ದಾಡಿದರು. "ಎಲ್ಲಿ ಅವ?"

ಫೋನು ಇದ್ದದ್ದು ವಾರ್ಡಿನ ಹೊರಗೆ, ನರ್ಸಿನ ಮೇಜಿನ ಮೇಲೆ. ಅದರ ವಯರು ಮಂಚದವರೆಗೆ ಬರುತ್ತಿರಲಿಲ್ಲ. ದೀಪ್ತಿ ಓಡಿದಳು. ಒಂದೇ ರಿಂಗಿಗೆ ಶಂಭು ಎತ್ತಿದ.

"ಅಣ್ಣಾ, ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ. ನೀನೆಲ್ಲಿ ಅಂತ ಕೇಳ್ತಿದ್ದಾರೆ."

ಆಚೆಯಿಂದ ಶಂಭು ಹೇಳಿದ: "ನನಗೆ ಸಿಟ್ಟಿಲ್ಲ ಅಂತ ಹೇಳು."

ಅವಳು ಓಡಿ ಬಂದು ಹೇಳಿದಳು. ಅಪ್ಪನ ತುಟಿ ಅಲುಗಿತು. "ಬರ್ಲಿಕ್ಕೆ ಹೇಳು."

ಮತ್ತೆ ಓಡಿದಳು. "ಬರ್ಲಿಕ್ಕೆ ಹೇಳ್ತಿದ್ದಾರೆ ಅಣ್ಣಾ, ಎಂತ ಹೇಳ್ಲಿ?"

"ಹೊರಟೆ ಅಂತ ಹೇಳು."

ಅವಳು ಮಂಚದ ಹತ್ತಿರ ಬಂದು ಅಪ್ಪನ ಕಿವಿಗೆ ಬಗ್ಗಿದಳು. "ಹೊರಟಿದ್ದಾನಪ್ಪಾ. ಈಗ ಬರ್ತಾನೆ."

ಕೃಷ್ಣಾನಂದರ ಕಣ್ಣು ವಾರ್ಡಿನ ಬಾಗಿಲಿನ ಕಡೆ ಹೊರಳಿತು. ಆಮೇಲೆ ಅಲ್ಲಿಂದ ಕದಲಲಿಲ್ಲ. ಹೊರಗೆ ಮೇಜಿನ ಮೇಲೆ ಫೋನು ಎತ್ತಿಟ್ಟಂತೆಯೇ ಇತ್ತು. ಶಂಭು ಇನ್ನೂ ಕಾಯುತ್ತಿದ್ದ.